ಘಾಟಿಯ ತಿರುವಿನಲ್ಲಿ ಬೈಕ್ ಸವಾರಿ: ದೇಹದ ಭಂಗಿ ಮತ್ತು ತಿರುಗಿಸುವ ಕ್ರಮದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಾರಾಂತ್ಯದಲ್ಲಿ ಆಗುಂಬೆ, ಚಾರ್ಮಾಡಿ, ಹುಲಿಕಲ್, ಸಂಪಾಜೆಯ ಕಡೆಗೆ ಹೊರಡುವ ಸವಾರರಲ್ಲಿ ಹೆಚ್ಚಿನವರು ಬೈಕು ಓಡಿಸುವುದನ್ನು ಕಲಿತಿರುವುದು ನೇರ ರಸ್ತೆಯಲ್ಲಿ. ಲೈಸೆನ್ಸ್ ಪರೀಕ್ಷೆಯ ದಿನ ಆರ್‌ಟಿಓ ಮೈದಾನದಲ್ಲಿ ಕಾಲು ಊರದೆ ಎಂಟು ಹಾಕಿ ತೋರಿಸಿದ ಬಳಿಕ, ತಿರುವು ಎಂಬುದನ್ನು ಅವರಿಗೆ ಯಾರೂ ಕೂರಿಸಿ ವಿವರಿಸಿರುವುದಿಲ್ಲ. ಘಾಟಿಗೆ ಜೊತೆಯಾಗಿ ಬರುವ ಹೊಸ ಸವಾರರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ವಿವರವಾಗಿ ಉತ್ತರ ಬರೆದಿದ್ದೇನೆ.

ಬೈಕು ನಿಜವಾಗಿ ತಿರುಗುವುದು ಹ್ಯಾಂಡಲ್‌ನಿಂದಲೋ, ದೇಹದ ಭಾರದಿಂದಲೋ?

ಹ್ಯಾಂಡಲ್‌ನಿಂದ. ಆದರೆ ನಾವು ಅಂದುಕೊಂಡಿರುವ ದಿಕ್ಕಿನಲ್ಲಿ ಅಲ್ಲ. ನಡಿಗೆಯ ವೇಗವನ್ನು ದಾಟಿ ಓಡುತ್ತಿರುವ ಬೈಕನ್ನು ಬಲಕ್ಕೆ ತಿರುಗಿಸಬೇಕಾದರೆ ಬಲಗೈಯ ಹಿಡಿಕೆಯನ್ನು ಮುಂದಕ್ಕೆ ದೂಡಬೇಕು. ಆಗ ಮುಂದಿನ ಚಕ್ರ ಒಂದು ಕ್ಷಣ ಎಡಕ್ಕೆ ಮುಖ ಮಾಡಿ, ನೆಲಕ್ಕೆ ತಾಗಿರುವ ಟೈರು ಬೈಕಿನ ಕೆಳಗಿನಿಂದ ಎಡಕ್ಕೆ ಸರಿಯುತ್ತದೆ. ಬುಡ ಎಡಕ್ಕೆ ಸರಿದದ್ದರಿಂದ ಮೇಲಿನ ಭಾರ ಬಲಕ್ಕೆ ವಾಲುತ್ತದೆ. ವಾಲಿದ ಬೈಕಿನ ಮುಂಚಕ್ರ ತನ್ನ ಜೋಡಣೆಯ ಗುಣದಿಂದಲೇ ಬಲಕ್ಕೆ ಹೊರಳಿ ತಿರುವನ್ನು ಹಿಡಿಯುತ್ತದೆ. ಸೈಕಲ್ ಕಲಿತ ಪ್ರತಿಯೊಬ್ಬರೂ ಇದನ್ನು ಅರಿವಿಲ್ಲದೆಯೇ ಮಾಡುತ್ತಿರುತ್ತಾರೆ. ಅರಿವಿಲ್ಲದೆ ಮಾಡುವ ಕೆಲಸ ಗಾಬರಿಯ ಹೊತ್ತಿನಲ್ಲಿ ಕೈಕೊಡುತ್ತದೆ ಎಂಬುದೇ ತೊಂದರೆ. ತಿರುವು ನೆನೆಸಿದ್ದಕ್ಕಿಂತ ಬಿಗಿಯಾಗಿದೆ ಎಂದು ಕಂಡಾಗ ಅನೇಕರು ಬೈಕನ್ನು ಒಳಗೆ ಎಳೆದುಕೊಳ್ಳುವ ಆತುರದಲ್ಲಿ ಹ್ಯಾಂಡಲನ್ನು ತಿರುವಿನ ಕಡೆಗೇ ತಿರುಗಿಸಲು ಹೋಗುತ್ತಾರೆ; ಅದರಿಂದ ಬೈಕು ಎದ್ದು ನಿಂತು ಇನ್ನಷ್ಟು ಹೊರಕ್ಕೆ ಓಡುತ್ತದೆ.

ದೇಹದ ಭಾರದಿಂದಲೇ ಬೈಕು ತಿರುಗುತ್ತದೆ ಎಂದು ವಾದಿಸುವವರಿಗೆ ಅಮೆರಿಕದ ತರಬೇತುದಾರ ಕೀತ್ ಕೋಡ್ ಒಂದು ಪ್ರಯೋಗದ ಬೈಕಿನಿಂದಲೇ ಉತ್ತರ ಕೊಟ್ಟರು. ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಸ್ಥಾಪಿಸಿದ ಅವರು ಒಂದು ಬೈಕಿಗೆ ಎರಡನೆಯ ಜೋಡಿ ಹಿಡಿಕೆಗಳನ್ನು ಚಾಸಿಗೇ, ಅಂದರೆ ಬೈಕಿನ ಚೌಕಟ್ಟಿಗೇ ಬಿಗಿದರು. ಆ ಹಿಡಿಕೆಗಳು ಅಲುಗುವುದಿಲ್ಲ, ಆದರೆ ಅದರಲ್ಲಿಯೂ ಆಕ್ಸಿಲರೇಟರ್ ಇದೆ. ಅದನ್ನು ಹಿಡಿದು ಮೈಯನ್ನು ಎಷ್ಟು ವಾಲಿಸಿದರೂ, ಫುಟ್‌ರೆಸ್ಟನ್ನು ಎಷ್ಟು ತುಳಿದರೂ, ಬೈಕು ತುಸು ಅತ್ತಿತ್ತ ತೇಲುತ್ತದೆಯೇ ಹೊರತು ಬೇಕಾದ ಜಾಗದಲ್ಲಿ, ಬೇಕಾದಷ್ಟು ಚುರುಕಾಗಿ ತಿರುಗುವುದಿಲ್ಲ.

ಹಾಗಾದರೆ ದೇಹದ ಭಂಗಿಯಿಂದ ಪ್ರಯೋಜನವೇನು?

ಎರಡು ಪ್ರಯೋಜನಗಳಿವೆ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲನೆಯದು ವಾಲುವ ಕೋನಕ್ಕೆ ಸಂಬಂಧಿಸಿದ್ದು. ಒಂದು ತಿರುವನ್ನು ಒಂದು ವೇಗದಲ್ಲಿ ದಾಟಲು ಬೈಕು ಮತ್ತು ಸವಾರ ಸೇರಿದ ಒಟ್ಟು ಭಾರ ಇಂತಿಷ್ಟು ವಾಲಲೇಬೇಕು. ಅದರಲ್ಲಿ ಚೌಕಾಸಿ ಇಲ್ಲ. ಆದರೆ ಸವಾರ ತಾನು ಒಳಬದಿಗೆ ಸರಿದರೆ, ಬೈಕು ಅಷ್ಟು ಕಡಿಮೆ ವಾಲಿದರೂ ಸಾಕಾಗುತ್ತದೆ. 150 ಕಿಲೋ ತೂಕದ ಬೈಕಿನ ಮೇಲೆ 75 ಕಿಲೋ ತೂಕದ ಸವಾರ ತನ್ನ ಭಾರವನ್ನು 10 ಸೆಂಟಿಮೀಟರ್ ಒಳಕ್ಕೆ ಸರಿಸಿದನೆಂದುಕೊಳ್ಳಿ. ಒಟ್ಟು ಭಾರದ ಕೇಂದ್ರ ಸುಮಾರು 3 ಸೆಂಟಿಮೀಟರ್ ಒಳಕ್ಕೆ ಬರುತ್ತದೆ, ಬೈಕಿನ ವಾಲಿಕೆಯಲ್ಲಿ ಸುಮಾರು 3 ಡಿಗ್ರಿ ಉಳಿತಾಯವಾಗುತ್ತದೆ. ಇದು ಸಣ್ಣ ಸಂಖ್ಯೆಯೇ. ಆದರೂ ಸೈಲೆನ್ಸರ್ ಅಥವಾ ಸ್ಟ್ಯಾಂಡ್ ಬೇಗನೆ ನೆಲಕ್ಕೆ ತಾಗುವ ಭಾರದ ಬೈಕುಗಳಲ್ಲಿ ಮತ್ತು ಒದ್ದೆ ರಸ್ತೆಯಲ್ಲಿ ಈ 3 ಡಿಗ್ರಿ ಆಪತ್ಕಾಲಕ್ಕೆ ಇಟ್ಟುಕೊಂಡ ಗಂಟಿನಂತೆ ಉಪಯೋಗಕ್ಕೆ ಬರುತ್ತದೆ.

ಎರಡನೆಯದು ಕೈಗಳ ಬಿಡುಗಡೆ. ಕಾಲು, ತೊಡೆ ಮತ್ತು ಸೊಂಟ ಬೈಕನ್ನು ಸರಿಯಾಗಿ ಹಿಡಿದುಕೊಂಡಿದ್ದರೆ ಕೈಗಳ ಮೇಲೆ ದೇಹದ ಭಾರ ಬೀಳುವುದಿಲ್ಲ. ಬಿಗಿ ಕೈಗಳು ಎರಡೂ ಹಿಡಿಕೆಗಳನ್ನು ಒಟ್ಟಿಗೆ ದೂಡುತ್ತಿರುತ್ತವೆ, ಹೀಗಾಗಿ ಒಂದು ಕೈ ಮಾಡಿದ್ದನ್ನು ಇನ್ನೊಂದು ಕೈ ಅಳಿಸುತ್ತದೆ. ಅಲ್ಲದೆ ರಸ್ತೆಯ ಸಣ್ಣ ಉಬ್ಬುತಗ್ಗುಗಳಿಗೆ ಮುಂಚಕ್ರ ತಾನಾಗಿ ಹೊಂದಿಕೊಳ್ಳಲು ಬೇಕಾದ ಸಡಿಲವೂ ಅದಕ್ಕೆ ಸಿಗುವುದಿಲ್ಲ. "ಬೈಕು ತಿರುವಿನಲ್ಲಿ ಅಲುಗಾಡುತ್ತದೆ" ಎಂದು ದೂರುವ ಸವಾರರು ಮೆಕ್ಯಾನಿಕ್ ಹತ್ತಿರ ಹೋಗುವ ಮೊದಲು ತಮ್ಮ ಮೊಣಕೈಗಳನ್ನೊಮ್ಮೆ ನೋಡಿಕೊಳ್ಳಬೇಕು.

ಘಾಟಿ ರಸ್ತೆಗೆ ಹೊಂದುವ ಭಂಗಿ ಯಾವುದು?

ಬುಡದಿಂದ ಆರಂಭಿಸಿ ಹೇಳುತ್ತೇನೆ, ಏಕೆಂದರೆ ಭಂಗಿ ನಿಲ್ಲುವುದೇ ಕಾಲಿನ ಮೇಲೆ. ಪಾದದ ನಡುಭಾಗವನ್ನು ಫುಟ್‌ರೆಸ್ಟಿನ ಮೇಲೆ ಊರಿ ಬೆರಳುಗಳನ್ನು ಕೆಳಗೆ ಇಳಿಬಿಡುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ವಾಲಿದಾಗ ಹಾಗೆ ಇಳಿದ ಪಾದ ರಸ್ತೆಗೆ ತಾಗುವ ಅಪಾಯವಿದೆ. ಬ್ರೇಕ್ ಅಥವಾ ಗೇರಿನ ಕೆಲಸ ಮುಗಿದ ಮೇಲೆ ಪಾದವನ್ನು ಹಿಂದಕ್ಕೆಳೆದು, ಬೆರಳುಗಳ ಬುಡದ ದಪ್ಪ ಭಾಗವನ್ನು ಫುಟ್‌ರೆಸ್ಟಿನ ಮೇಲೆ ಇಡಬೇಕು. ಬಳಿಕ ಹೊರಬದಿಯ ತೊಡೆ. ಬಲ ತಿರುವಿನಲ್ಲಿ ಎಡ ತೊಡೆ, ಎಡ ತಿರುವಿನಲ್ಲಿ ಬಲ ತೊಡೆ ಟ್ಯಾಂಕಿಗೆ ಒತ್ತಿ ಕೂತಿರಬೇಕು. ದೇಹವನ್ನು ಬೈಕಿಗೆ ಕಟ್ಟಿಹಾಕುವ ಹಗ್ಗ ಅದೊಂದೇ.

ಸೊಂಟದಿಂದ ಮೇಲಿನ ಭಾಗ ತುಸು ಮುಂದಕ್ಕೆ ಬಾಗಿ, ಒಳಬದಿಯ ಭುಜ ತಿರುವಿನ ಕಡೆಗೆ ಇಳಿದು, ಗಲ್ಲ ಸುಮಾರಾಗಿ ಒಳಬದಿಯ ಕನ್ನಡಿಯ ನೇರಕ್ಕೆ ಬರಬೇಕು. ಒಳಬದಿಯ ಮೊಣಕೈ ಮಡಚಿ ಸಡಿಲವಾಗಿರಬೇಕು. ಸೀಟಿನ ಮೇಲಿಂದ ಕೆಳಕ್ಕೆ ಜಾರಿ ನೇತಾಡುವ ಅಗತ್ಯ ಸಾರ್ವಜನಿಕ ರಸ್ತೆಯಲ್ಲಿ ಇಲ್ಲವೇ ಇಲ್ಲ. ಹೆಚ್ಚೆಂದರೆ ಒಂದು ಪೃಷ್ಠದ ಅರ್ಧ ಭಾಗ ಸೀಟಿನ ಅಂಚಿಗೆ ಬಂದರೆ ಸಾಕು. ನಾನು ತೀರಾ ಹೆಚ್ಚಾಗಿ ಕಾಣುವ ತಪ್ಪು ಇದರ ತದ್ವಿರುದ್ಧವಾದದ್ದು: ಸವಾರ ಸೊಂಟವನ್ನು ಒಳಕ್ಕೆ ಸರಿಸಿ, ತಲೆ ಮತ್ತು ಭುಜಗಳನ್ನು ಬೈಕಿನ ಹೊರಬದಿಗೇ ಬಿಟ್ಟಿರುತ್ತಾನೆ. ನೋಡಲು ವಾಲಿದಂತೆ ಕಂಡರೂ ಒಂದು ಕಡೆ ಸರಿದ ಭಾರವನ್ನು ಇನ್ನೊಂದು ಕಡೆಯ ಭಾರ ಕಳೆದುಬಿಡುತ್ತದೆ. ಸೊಂಟ ಸರಿಸದೆ ಬರೀ ಭುಜ ಮತ್ತು ತಲೆಯನ್ನು ಒಳಕ್ಕೆ ತಂದವನು ಅವನಿಗಿಂತ ಎಷ್ಟೋ ಒಳ್ಳೆಯ ಸ್ಥಿತಿಯಲ್ಲಿರುತ್ತಾನೆ.

ಕೊನೆಯದಾಗಿ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಕಣ್ಣು. ಬೈಕು ನೋಟ ಹೋದ ಕಡೆಗೆ ಹೋಗುತ್ತದೆ. ರಸ್ತೆಯಂಚಿನ ಗುಂಡಿಯನ್ನೇ ದಿಟ್ಟಿಸಿದರೆ ಗುಂಡಿಗೇ ಬೀಳುತ್ತೇವೆ, ಎದುರು ಬಂದ ಲಾರಿಯನ್ನೇ ನೋಡುತ್ತಿದ್ದರೆ ಅದರ ಕಡೆಗೇ ತೇಲುತ್ತೇವೆ. ಗಲ್ಲವನ್ನು ತಿರುಗಿಸಿ, ತಿರುವು ಬಿಚ್ಚಿಕೊಳ್ಳುವ ಜಾಗವನ್ನು ಹುಡುಕುತ್ತಿರಬೇಕು. ಇವೆಲ್ಲವೂ ತಿರುವಿಗೆ ಮೊದಲೇ ಆಗಿರಬೇಕು; ವಾಲಿದ ಬೈಕಿನ ಮೇಲೆ ಕುಳಿತು ಭಂಗಿ ಬದಲಿಸಿದರೆ ಆ ಕದಲಿಕೆಯೆಲ್ಲ ಹಿಡಿಕೆಯ ಮೂಲಕ ಚಕ್ರಕ್ಕೆ ತಲುಪುತ್ತದೆ.

ಮೊಣಕಾಲನ್ನು ನೆಲಕ್ಕೆ ತಾಗಿಸುವುದನ್ನು ಕಲಿಯಬೇಕೇ?

ರಸ್ತೆಯಲ್ಲಿ ಬೇಡ. ಸೀಟಿನಿಂದ ಒಳಕ್ಕೆ ಸರಿದು ಸವಾರಿ ಮಾಡುವ ಶೈಲಿಯನ್ನು 1970ರ ದಶಕದ ಆರಂಭದಲ್ಲಿ ಫಿನ್‌ಲೆಂಡಿನ ರೇಸ್ ಸವಾರ ಯಾರ್ನೊ ಸಾರಿನೆನ್ ತೋರಿಸಿದರು, 1978ರಲ್ಲಿ 500 ಸಿಸಿ ವಿಶ್ವ ಚಾಂಪಿಯನ್ ಆದ ಅಮೆರಿಕದ ಕೆನ್ನಿ ರಾಬರ್ಟ್ಸ್ ಅದನ್ನು ಜಗತ್ತಿಗೆ ಪರಿಚಿತಗೊಳಿಸಿದರು. ಇಂದು ವಿಶ್ವಮಟ್ಟದ ಬೈಕ್ ರೇಸಾದ ಮೋಟೋ ಜಿಪಿಯಲ್ಲಿ ಬೈಕುಗಳು 60 ಡಿಗ್ರಿ ದಾಟಿ ವಾಲುತ್ತವೆ, ಸವಾರರ ಮೊಣಕೈಯೂ ನೆಲ ಮುಟ್ಟುತ್ತದೆ. ಆದರೆ ಅವರ ರಸ್ತೆಯಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ, ಮರಳಿಲ್ಲ, ದನವಿಲ್ಲ, ಜಾರಿದರೆ ನಿಲ್ಲಲು ವಿಶಾಲವಾದ ಜಾಗವಿದೆ. ಅವರಿಗೆ ಮೊಣಕಾಲು ಕೋನವನ್ನು ಅಳೆಯುವ ಸಾಧನ. ಅಷ್ಟು ಕೋನ ಬೇಕಾಗುವುದು ಸ್ಪರ್ಧೆಯ ವೇಗಕ್ಕೆ ಮಾತ್ರ. ಆಸೆ ಇದ್ದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್ ಅಥವಾ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ತರಬೇತಿ ನಡೆಯುವ ದಿನಗಳಲ್ಲಿ, ಪೂರ್ಣ ರಕ್ಷಣಾ ಉಡುಪಿನೊಂದಿಗೆ ಕಲಿಯಬಹುದು, ಮತ್ತು ಆ ಕಲಿಕೆ ರಸ್ತೆಯ ಸವಾರಿಯನ್ನೂ ಖಂಡಿತ ಸುಧಾರಿಸುತ್ತದೆ.

ಯಾವ ವೇಗದಲ್ಲಿ ತಿರುವನ್ನು ಪ್ರವೇಶಿಸಬೇಕು?

ಒಂದು ಲೆಕ್ಕದಿಂದ ಆರಂಭಿಸೋಣ. 20 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ದಾಟಲು ಸುಮಾರು 20 ಡಿಗ್ರಿ ವಾಲಿದರೆ ಸಾಕು. 40ರಲ್ಲಿ ಅದು 32 ಡಿಗ್ರಿಯಾಗುತ್ತದೆ, 50ರಲ್ಲಿ 44 ಡಿಗ್ರಿ ದಾಟುತ್ತದೆ. ಟೈರಿನ ಅಗಲದಿಂದಾಗಿ ಬೈಕು ನಿಜವಾಗಿ ವಾಲುವುದು ಇದಕ್ಕಿಂತ ಇನ್ನೂ ತುಸು ಹೆಚ್ಚು. ವೇಗ 40ರಿಂದ 50ಕ್ಕೆ ಏರಿದಾಗ ಕಾಲು ಪಾಲು ಹೆಚ್ಚಾಯಿತು ಎಂದು ನಮಗೆ ಅನಿಸುತ್ತದೆ, ಆದರೆ ಟೈರು ಹೊರಬೇಕಾದ ಅಡ್ಡಬಲ ಅರ್ಧಕ್ಕೂ ಮೀರಿ, ಶೇಕಡಾ 56ರಷ್ಟು ಹೆಚ್ಚುತ್ತದೆ. ಘಾಟಿಯಲ್ಲಿ ತುಸು ವೇಗ ಹೆಚ್ಚಿದ್ದೂ ಬಹಳ ಹೆಚ್ಚಿದಂತೆ ಯಾಕೆ ಅನುಭವವಾಗುತ್ತದೆ ಎಂಬುದಕ್ಕೆ ಕಾರಣ ಇದು.

ಆದರೆ ರಸ್ತೆಯಲ್ಲಿ ವೇಗವನ್ನು ನಿರ್ಧರಿಸಬೇಕಾದದ್ದು ನೋಟ. ಕಾಣುವಷ್ಟು ದೂರದೊಳಗೆ, ನಮ್ಮ ಪಾಲಿನ ರಸ್ತೆಯಲ್ಲಿಯೇ ನಿಲ್ಲಲು ಸಾಧ್ಯವಿರಬೇಕು. ಒಣ ರಸ್ತೆಯಲ್ಲಿ, ಅಪಾಯ ಕಂಡು ಬ್ರೇಕ್ ಹಿಡಿಯಲು ಒಂದು ಸೆಕೆಂಡು ತೆಗೆದುಕೊಂಡರೂ, 40ರ ವೇಗದಲ್ಲಿ ನಿಲ್ಲಲು ಅಂದಾಜು 21 ಮೀಟರ್ ಬೇಕು, 60ರಲ್ಲಿ 40 ಮೀಟರ್ ಬೇಕು. ಅದೂ ಬೈಕು ನೇರವಾಗಿ ನಿಂತಿದ್ದರೆ. ಚಾರ್ಮಾಡಿಯ ಮಂಜಿನಲ್ಲಿ 15 ಮೀಟರ್ ಕಂಡರೆ ಅಲ್ಲಿ 40 ಕೂಡ ಅತಿ ವೇಗವೇ.

ತಿರುವು ಎಷ್ಟು ಬಿಗಿ ಎಂದು ಮೊದಲೇ ತಿಳಿಯಲು ಒಂದು ನಂಬಿಗಸ್ತ ಉಪಾಯವಿದೆ. ರಸ್ತೆಯ ಎಡ ಅಂಚು ಮತ್ತು ಬಲ ಅಂಚು ದೂರದಲ್ಲಿ ಕೂಡಿದಂತೆ ಕಾಣುವ ಜಾಗವನ್ನು ನೋಡುತ್ತಿರಿ. ನಾವು ಹತ್ತಿರವಾದಂತೆ ಅದು ಅಷ್ಟೇ ವೇಗದಲ್ಲಿ ದೂರ ಸರಿಯುತ್ತಿದ್ದರೆ ತಿರುವು ನಮ್ಮ ವೇಗಕ್ಕೆ ಹೊಂದುತ್ತಿದೆ. ನಮಗಿಂತ ಬೇಗ ದೂರ ಓಡಿದರೆ ತಿರುವು ಬಿಚ್ಚಿಕೊಳ್ಳುತ್ತಿದೆ. ಅದು ನಿಂತಲ್ಲೇ ನಿಂತು ನಾವೇ ಅದರ ಮೇಲೆ ಹೋಗುತ್ತಿದ್ದೇವೆ ಎನಿಸಿದರೆ ಒಡನೆಯೇ ವೇಗ ತಗ್ಗಿಸಬೇಕು. ಗೇರ್ ಇಳಿಸುವುದು, ಬ್ರೇಕ್ ಹಿಡಿಯುವುದು ಎರಡೂ ಬೈಕು ವಾಲುವ ಮೊದಲೇ ಮುಗಿದಿರಬೇಕು. ವಾಲಿದ ಮೇಲೆ ಆಕ್ಸಿಲರೇಟರನ್ನು ಕೂದಲೆಳೆಯಷ್ಟು ತೆರೆದು, ನಯವಾಗಿ ಹೆಚ್ಚಿಸುತ್ತ ಹೋಗಬೇಕು. ಹಾಗೆ ಮಾಡಿದಾಗ ಬೈಕಿನ ಭಾರ ಎರಡೂ ಚಕ್ರಗಳ ಮೇಲೆ ಸಮತೂಕದಲ್ಲಿ ನಿಂತು ಸವಾರಿ ಸ್ಥಿರವಾಗುತ್ತದೆ.

ಎಡ ತಿರುವಿಗೂ ಬಲ ತಿರುವಿಗೂ ವ್ಯತ್ಯಾಸವಿದೆಯೇ?

ರಸ್ತೆಯ ಎಡಬದಿಯಲ್ಲಿ ಸಾಗುವ ನಮಗೆ ದೊಡ್ಡ ವ್ಯತ್ಯಾಸವಿದೆ. ಎಡ ತಿರುವಿನಲ್ಲಿ ವೇಗ ಹೆಚ್ಚಾಗಿ ಬೈಕು ಹೊರಕ್ಕೆ ಹೋದರೆ ಅದು ಎದುರು ವಾಹನಗಳ ಪಾಲಿಗೆ ನುಗ್ಗುತ್ತದೆ. ಬಲ ತಿರುವಿನಲ್ಲಿ ಹೊರಕ್ಕೆ ಹೋದರೆ ಚರಂಡಿಗೋ ಕಂದಕಕ್ಕೋ ಇಳಿಯುತ್ತದೆ. ಬಲ ತಿರುವಿನಲ್ಲಿ ಇನ್ನೊಂದು ಅಪಾಯವಿದ್ದು, ಅದನ್ನು ಅನುಭವಿಗಳೂ ಮರೆಯುತ್ತಾರೆ. ಚಕ್ರಗಳು ನಡುಗೆರೆಯ ಒಳಗೇ ಇದ್ದರೂ ವಾಲಿದ ಸವಾರನ ತಲೆ ಮತ್ತು ಭುಜ ಗೆರೆಯನ್ನು ದಾಟಿ ಎದುರು ಬರುವ ಬಸ್ಸಿನ ದಾರಿಯಲ್ಲಿರುತ್ತವೆ. ಆದ್ದರಿಂದ ಬಲ ತಿರುವಿಗೆ ಬರುವಾಗ ನಮ್ಮ ಪಾಲಿನ ಎಡ ಅಂಚಿನ ಹತ್ತಿರ ಇದ್ದು, ತಿರುವಿನ ಆಚೆ ಕಾಣಿಸುವವರೆಗೆ ಒಳಕ್ಕೆ ಬಾಗದೆ, ತಡವಾಗಿ ತಿರುಗಬೇಕು; ನಡುಗೆರೆಯಿಂದ ಕನಿಷ್ಠ ಒಂದು ಮೀಟರ್ ದೂರ ಉಳಿಸಿಕೊಳ್ಳಬೇಕು. ಎಡ ತಿರುವಿಗೆ ಬರುವಾಗ, ಎದುರು ಯಾರೂ ಇಲ್ಲದಿದ್ದರೆ ನಮ್ಮ ಪಾಲಿನ ಬಲಭಾಗದಲ್ಲಿ ಸಾಗಿದರೆ ಹೆಚ್ಚು ದೂರ ಕಾಣುತ್ತದೆ. ವಾಹನ ಕಂಡ ಕೂಡಲೇ ಎಡಕ್ಕೆ ಸರಿಯಬೇಕು. ರೇಸಿನಲ್ಲಿ ಮಾಡುವಂತೆ ರಸ್ತೆಯ ಪೂರ್ತಿ ಅಗಲವನ್ನು ಬಳಸುವುದು ಇಲ್ಲಿ ಸಲ್ಲದು.

ಘಾಟಿಯಲ್ಲಿ ಹತ್ತುವವರಿಗೆ ದಾರಿ ಬಿಡಬೇಕು ಎಂಬುದು ನಿಯಮ. ಹೇರ್‌ಪಿನ್ ತಿರುವಿನಲ್ಲಿ ಹತ್ತಿ ಬರುವ ಬಸ್ಸಿಗೆ ಪೂರ್ತಿ ರಸ್ತೆ ಬೇಕಾಗುತ್ತದೆ, ಚಾಲಕರು ಅದನ್ನು ಬಳಸಲೇಬೇಕು. ಇಳಿಯುವಾಗ ಹಾರ್ನ್ ಕೇಳಿಸಿದರೆ ತಿರುವಿಗೆ ಇಳಿಯುವ ಮೊದಲೇ, ಮೇಲ್ಗಡೆಯೇ ನಿಂತು ಕಾಯುವುದು ಒಳ್ಳೆಯದು.

ತಿರುವಿನ ನಡುವೆ ವೇಗ ಹೆಚ್ಚಾಯಿತು ಎನಿಸಿದರೆ ಏನು ಮಾಡಬೇಕು?

ಹಲವು ವರ್ಷಗಳ ಹಿಂದೆ, ಜೂನ್ ತಿಂಗಳ ಒಂದು ಬೆಳಗ್ಗೆ, ಚಾರ್ಮಾಡಿ ಘಾಟಿಯ ಮೇಲ್ತುದಿಯ ಕೊಟ್ಟಿಗೆಹಾರದಿಂದ ಕೆಳಗಿಳಿಯುವಾಗ ಒಂದು ಎಡ ತಿರುವಿನಲ್ಲಿ ನಾನು ಈ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟೆ. ತಿರುವು ಒಳಗೊಳಗೇ ಬಿಗಿಯಾಗುತ್ತಿತ್ತು. ನಾನು ಬೆಚ್ಚಿ ಮುಂದಿನ ಬ್ರೇಕನ್ನು ಹಿಡಿದೆ, ಬೈಕು ತಟ್ಟನೆ ಎದ್ದು ನಿಂತು ನೇರವಾಗಿ ಎದುರುಬದಿಗೆ ಹೋಯಿತು. ಎದುರಿನ ಬಸ್ಸಿನ ಚಾಲಕರು ಮೊದಲೇ ವೇಗ ತಗ್ಗಿಸಿಕೊಂಡು ಬರುತ್ತಿದ್ದರು. ಅವರ ಆ ಎಚ್ಚರಿಕೆಯಿಂದಲೇ ನಾನು ಉಳಿದೆ. ಆ ತಿರುವನ್ನು ಆಮೇಲೆ ನಡೆದುಕೊಂಡು ಹೋಗಿ ನೋಡಿದೆ. ಇನ್ನೊಂದಿಷ್ಟು ವಾಲಿದ್ದರೆ ಬೈಕು ಸಲೀಸಾಗಿ ತಿರುಗುತ್ತಿತ್ತು. ಕೊರತೆ ಇದ್ದದ್ದು ಟೈರಿನ ಹಿಡಿತದಲ್ಲಲ್ಲ, ನನ್ನ ನೋಟ ಎದುರುಬದಿಯ ತಡೆಗೋಡೆಗೆ ಅಂಟಿಕೊಂಡಿತ್ತು.

ಸಾಮಾನ್ಯವಾಗಿ ಸವಾರನ ಧೈರ್ಯ ಮುಗಿಯುವ ಹೊತ್ತಿಗೆ ಬೈಕಿನ ಸಾಮರ್ಥ್ಯ ಇನ್ನೂ ಉಳಿದಿರುತ್ತದೆ. ಆದ್ದರಿಂದ ಒಣ ರಸ್ತೆಯಲ್ಲಿ ಮೊದಲು ಮಾಡಬೇಕಾದದ್ದು, ತಲೆಯನ್ನು ಬಲವಂತವಾಗಿ ತಿರುವಿನ ಕೊನೆಗೆ ತಿರುಗಿಸಿ, ಒಳಬದಿಯ ಹಿಡಿಕೆಯನ್ನು ಇನ್ನಷ್ಟು ದೂಡುವುದು. ಆಕ್ಸಿಲರೇಟರನ್ನು ಥಟ್ಟನೆ ಮುಚ್ಚಬಾರದು, ಕ್ಲಚ್ ಹಿಡಿಯಬಾರದು. ವೇಗ ಇಳಿಸಲೇಬೇಕಾದರೆ ಆಕ್ಸಿಲರೇಟರನ್ನು ಮೆಲ್ಲನೆ ಬಿಟ್ಟು, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಬಹುದು. ಟೈರಿನ ಹಿಡಿತ ಬೇಸಿಗೆಯಲ್ಲಿ ಮನೆಗೆ ಬಂದ ಒಂದೇ ಕೊಡ ನೀರಿನಂತೆ. ತಿರುಗಲು ಎಷ್ಟು ಖರ್ಚಾಯಿತೋ ಅಷ್ಟು ಬ್ರೇಕಿಗೆ ಕಡಿಮೆಯಾಗುತ್ತದೆ. ದಾರಿಯಲ್ಲಿ ಅಡ್ಡ ಏನೋ ಇದ್ದು ಪೂರ್ತಿ ನಿಲ್ಲಲೇಬೇಕಾದರೆ, ಮೊದಲು ಬೈಕನ್ನು ನೇರ ಮಾಡಿ, ಆಮೇಲೆ ಗಟ್ಟಿಯಾಗಿ ಬ್ರೇಕ್ ಹಿಡಿಯಬೇಕು.

ಎಬಿಎಸ್ ಇರುವ ಬೈಕಿನಲ್ಲಿ ಈ ಚಿಂತೆ ಬೇಡವಲ್ಲವೇ?

ಬೇಕು. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಆದರೆ ಸಾಮಾನ್ಯ ಎಬಿಎಸ್‌ಗೆ ಬೈಕು ವಾಲಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಬ್ರೇಕ್ ಹಿಡಿದಾಗ ಚಕ್ರ ಉರುಳದೆ ಕಚ್ಚಿಕೊಳ್ಳುವುದನ್ನಷ್ಟೇ ಅದು ತಡೆಯುತ್ತದೆ. ವಾಲಿಕೆಯನ್ನು ಅಳೆದು ಕೆಲಸ ಮಾಡುವ ಕಾರ್ನರಿಂಗ್ ಎಬಿಎಸ್ ಕೆಟಿಎಂ 390 ಅಡ್ವೆಂಚರ್‌ನಂತಹ ಕೆಲವು ಬೈಕುಗಳಲ್ಲಿ ಮಾತ್ರ ಇದೆ.

ಹೇರ್‌ಪಿನ್ ತಿರುವಿನಲ್ಲಿ ಒಳಕ್ಕೆ ವಾಲಲು ಹೋದರೆ ಬೈಕು ಬಿದ್ದೇಬಿಡುತ್ತದೆ ಎನಿಸುತ್ತದೆ. ಏಕೆ?

ಅಲ್ಲಿ ನಿಯಮ ತಿರುವುಮುರುವಾಗುತ್ತದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ ಸಿಗುವ 14 ಹೇರ್‌ಪಿನ್‌ಗಳಲ್ಲಾಗಲಿ, ಚಾಮರಾಜನಗರದ ಆಚೆ ದಿಂಬಂ ಘಾಟಿಯ 27ರಲ್ಲಾಗಲಿ, ವೇಗ ಹತ್ತು ಹದಿನೈದಕ್ಕೆ ಇಳಿದಾಗ ಬೈಕನ್ನು ಹಿಡಿದು ನಿಲ್ಲಿಸುವಷ್ಟು ಬಲ ಓಟದಲ್ಲಿ ಉಳಿದಿರುವುದಿಲ್ಲ. ಆಗ ಸವಾರ ನೇರವಾಗಿ, ತುಸು ಹೊರಬದಿಗೇ ಕುಳಿತು, ಬೈಕನ್ನು ಮಾತ್ರ ತನ್ನ ಕೆಳಗೆ ಒಳಕ್ಕೆ ವಾಲಲು ಬಿಡಬೇಕು, ಹ್ಯಾಂಡಲನ್ನು ತಿರುವಿನ ಕಡೆಗೇ ತಿರುಗಿಸಬೇಕು. ಕ್ಲಚ್ಚನ್ನು ಅರ್ಧ ಹಿಡಿದು, ಹಿಂದಿನ ಬ್ರೇಕನ್ನು ಸವರಿದಂತೆ ಒತ್ತಿ, ಎಂಜಿನ್ನಿನ ಎಳೆತವನ್ನು ಎಂದೂ ಪೂರ್ತಿ ಕಡಿಯದೆ ದಾಟಬೇಕು. ಎಂಟು ಹಾಕುವ ಪರೀಕ್ಷೆ ಕಲಿಸುವುದು ಇದನ್ನೇ. ಹತ್ತುವಾಗ ಮೊದಲನೆಯ ಗೇರಿಗೆ ಬರಲು ಸಂಕೋಚಪಟ್ಟು ತಿರುವಿನ ನಡುವೆ ಎಂಜಿನ್ ಆಫ್ ಮಾಡಿಕೊಂಡು ಬೀಳುವವರು ಬಹಳ ಮಂದಿ.

ಹಿಂದೆ ಒಬ್ಬರು ಕುಳಿತಿದ್ದರೆ?

ಹೊರಡುವ ಮೊದಲೇ ಅವರಿಗೆ ಹೇಳಬೇಕು: ತಿರುವಿನಲ್ಲಿ ನನ್ನ ಒಳಬದಿಯ ಭುಜದ ಮೇಲಿಂದ ರಸ್ತೆ ನೋಡಿ, ಬೈಕು ವಾಲಿದಾಗ ಅದರ ಜೊತೆಗೇ ಇರಿ. ಹೆದರಿ ಎದುರು ದಿಕ್ಕಿಗೆ ನೆಟ್ಟಗಾಗುವ ಹಿಂಬದಿ ಸವಾರರಿಂದ ಬೈಕು ಹೆಚ್ಚು ವಾಲಬೇಕಾಗುತ್ತದೆ. ಸೀರೆ ಉಟ್ಟ ಅಮ್ಮನೋ ಅತ್ತೆಯೋ ಒಂದೇ ಬದಿಗೆ ಕಾಲು ಹಾಕಿ ಕುಳಿತಿದ್ದರೆ ಅವರ ಕಾಲುಗಳೆರಡೂ ಎಡಕ್ಕಿರುತ್ತವೆ, ಹಿಡಿದುಕೊಳ್ಳಲು ಅವರಿಗೆ ಒಂದೇ ಕೈ ಸಿಗುತ್ತದೆ. ಎಡ ತಿರುವಿನಲ್ಲಿ ಅವರ ಪಾದ ನೆಲಕ್ಕೆ ಹತ್ತಿರವಾಗುತ್ತದೆ, ಬ್ರೇಕ್ ಹಿಡಿದಾಗ ಅವರು ಮುಂದಕ್ಕೆ ಜಾರುತ್ತಾರೆ. ಅಂತಹ ಸವಾರಿಯಲ್ಲಿ ಭಂಗಿಯ ಕಸರತ್ತು ಯಾವುದೂ ಬೇಡ. ವೇಗವನ್ನು ಮೂರನೇ ಎರಡು ಭಾಗಕ್ಕೆ ಇಳಿಸಿ, ಸೆರಗು ಚಕ್ರಕ್ಕೆ ತಾಗದಂತೆ ಸಿಕ್ಕಿಸಿದ್ದಾರೆಯೇ ಎಂದು ನೋಡಿಕೊಂಡು ಹೊರಡಬೇಕು.

ಸ್ಕೂಟರಿನಲ್ಲಿ ಹೇಗೆ?

ತೊಡೆಗೆ ಒತ್ತಿಕೊಳ್ಳಲು ಟ್ಯಾಂಕ್ ಇಲ್ಲ, ಚಕ್ರಗಳು ಚಿಕ್ಕವು. ಪಾದಗಳನ್ನು ಹಲಗೆಗೆ ಊರಿ, ಭುಜ ಮತ್ತು ತಲೆಯನ್ನಷ್ಟೇ ಒಳಕ್ಕೆ ತಂದರೆ ಸಾಕು. ಗುಂಡಿಗಳಿಗೆ ಸ್ಕೂಟರು ಬೈಕಿಗಿಂತ ಬೇಗ ತತ್ತರಿಸುತ್ತದೆ, ಇಳಿಜಾರಿನಲ್ಲಿ ಎಂಜಿನ್ ಹಿಡಿತವೂ ಕಡಿಮೆ.

ಮಳೆಯಲ್ಲಿ ಮತ್ತು ಹಾಳು ರಸ್ತೆಯಲ್ಲಿ ಏನನ್ನು ಗಮನಿಸಬೇಕು?

ಘಾಟಿಯ ಮಳೆ ರಸ್ತೆಯಲ್ಲಿ ನೀರಿಗಿಂತ ನೀರಿನ ಜೊತೆ ಬಂದದ್ದು ಹೆಚ್ಚು ಅಪಾಯಕಾರಿ. ಬಿಸಿಲು ಬೀಳದ ತಿರುವುಗಳ ಅಂಚಿನಲ್ಲಿ ಪಾಚಿ ಕಟ್ಟಿರುತ್ತದೆ, ಕಾಫಿ ಸೀಮೆಯಲ್ಲಿ ಸಿಲ್ವರ್ ಓಕ್ ಎಲೆಗಳು ಒದ್ದೆಯಾಗಿ ಹಾಸಿರುತ್ತವೆ, ಗುಡ್ಡದ ಕೆಂಪು ಮಣ್ಣು ತಿರುವಿನ ಒಳಬದಿಗೆ ಇಳಿದಿರುತ್ತದೆ. ಭರ್ತಿ ಟ್ಯಾಂಕಿನ ಲಾರಿಗಳಿಂದ ತಿರುವಿನಲ್ಲಿ ಡೀಸೆಲ್ ಚೆಲ್ಲಿರಬಹುದು. ಕಾಮನಬಿಲ್ಲಿನ ಬಣ್ಣ ಕಂಡರೆ ಅಥವಾ ವಾಸನೆ ಬಂದರೆ ಅದನ್ನು ದಾಟುವವರೆಗೆ ಬೈಕನ್ನು ನೇರವಾಗಿ ಇಟ್ಟುಕೊಳ್ಳಿ. ಬಯಲುಸೀಮೆಯಲ್ಲಿ ಸುಗ್ಗಿಯ ಕಾಲಕ್ಕೆ ರಾಗಿ, ಹುರುಳಿಯನ್ನು ಒಕ್ಕಣೆಗೆಂದು ರಸ್ತೆಯ ಮೇಲೆ ಹರಡುವ ರೂಢಿ ಇನ್ನೂ ಇದೆ. ಆ ಹುಲ್ಲಿನ ಮೇಲೆ ಟೈರಿಗೆ ಹಿಡಿತ ಇಲ್ಲವೆಂದೇ ತಿಳಿಯಬೇಕು. ಇಂತಹ ಎಲ್ಲ ಕಡೆಯೂ ಭುಜವನ್ನು ಒಳಕ್ಕೆ ತರುವ ಭಂಗಿ ತನ್ನ ನಿಜವಾದ ಬೆಲೆ ತೋರಿಸುತ್ತದೆ, ಏಕೆಂದರೆ ಕಡಿಮೆ ವೇಗದೊಡನೆ ಸೇರಿದಾಗ ಬೈಕು ಬಹುಪಾಲು ನೆಟ್ಟಗೇ ಉಳಿಯುತ್ತದೆ.

ಟೈರಿನ ಗಾಳಿಗೆ ಮಹತ್ವವಿದೆಯೇ?

ಬಹಳ ಇದೆ. ಪ್ರತಿ ಟೈರು ನೆಲಕ್ಕೆ ತಾಗುವುದು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಕೈಪಿಡಿಯಲ್ಲಿ ಅಥವಾ ಚೈನ್ ಬಳಿಯ ಸ್ಟಿಕ್ಕರಿನಲ್ಲಿ ಬರೆದಷ್ಟನ್ನೇ, ಟೈರು ತಣ್ಣಗಿರುವಾಗ ಹಾಕಿಸಬೇಕು. ಹೊಸ ಟೈರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ ನೂರು ಕಿಲೋಮೀಟರ್ ನಿಧಾನವಾಗಿ, ಕ್ರಮೇಣ ವಾಲುತ್ತ ಸಾಗಬೇಕು.

ಅಭ್ಯಾಸವನ್ನು ಎಲ್ಲಿಂದ ಆರಂಭಿಸಬೇಕು?

ಘಾಟಿಯಿಂದ ಬೇಡ, ಊರಿನ ಖಾಲಿ ಮೈದಾನದಿಂದ. ಹೆಲ್ಮೆಟ್, ಕೈಗವಸು, ಗಟ್ಟಿ ಜಾಕೆಟ್ ಮತ್ತು ಹಿಮ್ಮಡಿ ಮುಚ್ಚುವ ಬೂಟು ಅಲ್ಲಿಯೂ ಬೇಕು. ಮೊದಲ ದಿನ ನೇರವಾಗಿ 30ರ ವೇಗದಲ್ಲಿ ಸಾಗುತ್ತ ಬಲ ಹಿಡಿಕೆಯನ್ನು ಒಂದು ಬೆರಳಿನಷ್ಟು ಬಲದಲ್ಲಿ ದೂಡಿ ನೋಡಿ, ಬೈಕು ಬಲಕ್ಕೆ ಹೋಗುವುದನ್ನು ಅನುಭವಿಸಿ; ಆಮೇಲೆ ಎಡ. ನಿಂತ ಬೈಕಿನ ಮೇಲೆ, ಸೆಂಟರ್ ಸ್ಟ್ಯಾಂಡ್ ಹಾಕಿ, ತೊಡೆ ಒತ್ತಿ ಕೈಗಳನ್ನು ಪೂರ್ತಿ ಬಿಟ್ಟು ಭುಜ ಇಳಿಸಿ ನೋಡಿ. ಕೈ ಬಿಟ್ಟಾಗ ಮೈ ಕುಸಿದರೆ, ಓಡುವಾಗ ಹ್ಯಾಂಡಲ್ ನಿಮ್ಮನ್ನು ಹೊರುತ್ತಿದೆ ಎಂದರ್ಥ. ಎರಡು ಇಟ್ಟಿಗೆಗಳ ಸುತ್ತ ಎಂಟು ಹಾಕುತ್ತ ನೋಟವನ್ನು ಮುಂದಿನ ಇಟ್ಟಿಗೆಯ ಆಚೆಗೆ ಒಯ್ಯುವುದನ್ನು ರೂಢಿಸಿಕೊಳ್ಳಿ. ಇದಾದ ಮೇಲೆ ಪರಿಚಿತವಾದ, ದಟ್ಟಣೆಯಿಲ್ಲದ ಒಂದೇ ರಸ್ತೆಯನ್ನು ಆರಿಸಿಕೊಂಡು, ಒಂದು ಬೆಳಗ್ಗೆ ಒಂದೇ ಅಂಶವನ್ನು ಗಮನಿಸಿ: ಇವತ್ತು ಕಣ್ಣು, ಮುಂದಿನ ವಾರ ಮೊಣಕೈ, ಅದರ ಮುಂದಿನ ವಾರ ಬ್ರೇಕ್ ಬಿಡುವ ಜಾಗ. ಗೆಳೆಯರ ಗುಂಪಿನ ವೇಗಕ್ಕೆ ಹೊಂದಿಕೊಳ್ಳುವ ಒತ್ತಡ ಆ ದಿನಗಳಲ್ಲಿ ಇರಬಾರದು, ಆದ್ದರಿಂದ ಒಬ್ಬರೇ, ಅಥವಾ ನಿಮ್ಮ ಹಿಂದೆ ಬಂದು ತಪ್ಪು ಗುರುತಿಸಿ ಹೇಳುವ ಒಬ್ಬ ಅನುಭವಿಯ ಜೊತೆ ಹೋಗಿ.